ಎಣಿಕೆಗೆ ಸಿಗದ ನಾಲ್ಕು ನಿಮಿಷ

ಬಸವನ ಬಾಗೇವಾಡಿಯ ಬಸ್ ನಿಲ್ದಾಣದಿಂದ ಸ್ವಲ್ಪ ಒಳಗೆ ಒಂದು ಕಿರಾಣಿ ಅಂಗಡಿ. 2025ರ ಜನವರಿಯ ಮೊದಲ ವಾರವೆಲ್ಲ ಆ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ, ನೋಟುಗಳ ಕೆಳಗೆ, ನಾಲ್ಕು ಮಡಿಕೆಯ ಒಂದು ಕಾಗದ ಬಿದ್ದುಕೊಂಡಿತ್ತು. ಗಿರಾಕಿಗಳಿಗೆ ಚಿಲ್ಲರೆ ಕೊಡುವಾಗಲೆಲ್ಲ ಅದು ಕಣ್ಣಿಗೆ ಬೀಳುತ್ತಿತ್ತು. ಅಂಗಡಿಯವರು ಅದನ್ನು ತೆಗೆದು ಓದಿ, ಮತ್ತೆ ಅದೇ ಮಡಿಕೆಗೆ ಮಡಚಿ ಇಡುತ್ತಿದ್ದರು. 'ಕಾರವಾರದ ಹತ್ತಿರ ಕಡಲತೀರದಲ್ಲಿ ಎರಡು ರಾತ್ರಿಯ ಚಳಿಗಾಲದ ಶಿಬಿರಕ್ಕೆ ನನ್ನ ಮಗಳನ್ನು ಕಳುಹಿಸಲು ನನ್ನ ಒಪ್ಪಿಗೆ ಇದೆ' ಎಂಬ ಎರಡು ಸಾಲು. ಕೆಳಗೆ ಪಾಲಕರ ಸಹಿಗೆಂದು ಬಿಟ್ಟ ಜಾಗ. ಆ ಜಾಗ ಖಾಲಿಯಾಗಿಯೇ ಇತ್ತು.

ಮಗಳು ಒಂಬತ್ತನೆಯ ತರಗತಿ. ಊರಿನ ಕೆಲವು ಶಿಕ್ಷಕರು ಸೇರಿ ನಡೆಸುವ ಶಿಬಿರ ಕೂಟಕ್ಕೆ ಸೇರಿ ಎರಡು ವರ್ಷವಾಗಿತ್ತು. ಕೂಡಲಸಂಗಮಕ್ಕೆ ಹೋಗಿ ಬಂದಿದ್ದಳು, ಬಾದಾಮಿಯ ಗುಡ್ಡದ ಬುಡದಲ್ಲಿ ಒಂದು ರಾತ್ರಿ ಡೇರೆಯಲ್ಲಿ ಮಲಗಿದ್ದಳು. ಆಗೆಲ್ಲ ಸಹಿ ಹಾಕಲು ಅಪ್ಪ ಹಿಂದೆ ಮುಂದೆ ನೋಡಿರಲಿಲ್ಲ. ಈ ಸಲದ ಮಾತೇ ಬೇರೆ.

ಕಾರಣ ಎಲ್ಲರಿಗೂ ಗೊತ್ತಿದ್ದದ್ದೇ. 2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯಿಂದ ಪ್ರವಾಸಕ್ಕೆ ಬಂದಿದ್ದ ವಸತಿ ಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ಸಮುದ್ರಪಾಲಾಗಿದ್ದರು. ಅವರೂ ಹೆಚ್ಚು ಕಡಿಮೆ ಇದೇ ವಯಸ್ಸಿನವರು. ಅವರೂ ಬಯಲುಸೀಮೆಯವರು. ಆ ಸುದ್ದಿಯನ್ನು ಅಂಗಡಿಯಲ್ಲಿ ಕುಳಿತು ಓದಿದ್ದ ಅಪ್ಪ ಅಂದು ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗ, ಶಾಲೆಯಿಂದ ಇನ್ನೂ ಬಂದಿರದ ಮಗಳ ಚಪ್ಪಲಿ ಬಾಗಿಲ ಬಳಿ ಇಲ್ಲದ್ದನ್ನು ಕಂಡು ಒಂದು ಗಳಿಗೆ ಸುಮ್ಮನೆ ನಿಂತಿದ್ದರು.

"ಸಮುದ್ರ ನೋಡಿ ಏನ್ ಮಾಡ್ತಿ ತಂಗಿ? ನೀರ ನೋಡಬೇಕಂದ್ರ ಆಲಮಟ್ಟಿ ಐತಲ್ಲ, ನಾ ಕರಕೊಂಡು ಹೋಗ್ತೀನಿ" ಎಂದರು.

"ಆಲಮಟ್ಟಿ ನೋಡೇನಿ ಯಪ್ಪಾ. ಅದರ ಆ ಕಡಿ ದಂಡಿ ಕಾಣತೈತಿ. ದಂಡಿ ಕಾಣದ ನೀರ ನೋಡಬೇಕು" ಎಂದಳು ಮಗಳು.

ಅಪ್ಪನಿಗೆ ನೀರು ಅಪರಿಚಿತವೇನಲ್ಲ. ಅವರು ಹುಟ್ಟಿದ್ದು ಕೊಲ್ಹಾರದ ಕಡೆ, ಕೃಷ್ಣೆಯ ದಂಡೆಯ ಒಂದು ಹಳ್ಳಿಯಲ್ಲಿ. ಬಾವಿಯಲ್ಲಿ ಈಜು ಕಲಿತವರು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟೆ, ನಾಲ್ಕು ದಶಕ ತೆವಳಿ, 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಅಬ್ದುಲ್ ಕಲಾಂ ಅವರಿಂದ ಲೋಕಾರ್ಪಣೆಯಾಯಿತು. 519.60 ಮೀಟರ್ ಮಟ್ಟಕ್ಕೆ ತುಂಬಿದರೆ ಅದರಲ್ಲಿ 123 ಟಿಎಂಸಿ ನೀರು. ಲೆಕ್ಕದ ಪುಸ್ತಕದಲ್ಲಿ ಅದು ನೀರಾವರಿ, ವಿದ್ಯುತ್ತು. ಮುಳುಗಡೆಯ ಮನೆಗಳವರಿಗೆ ಮಾತ್ರ ಅದು ಹೊಲದ ಬದುವನ್ನು ದಾಟಿ, ಹಿತ್ತಿಲನ್ನು ದಾಟಿ, ಹೊಸ್ತಿಲಿಗೆ ಬಂದು ನಿಂತ ನೀರು. ಅದು ಏರುವುದನ್ನು ಹದಿನೈದರ ಹರೆಯದಲ್ಲಿ ಕಣ್ಣಾರೆ ಕಂಡವರು ಅವರು. ನೀರು ಶಬ್ದ ಮಾಡದೆ ಬರುತ್ತದೆ ಎಂಬುದು ಅವರು ಕಲಿತ ಪಾಠ.

ಕೊನೆಗೆ ಒಂದು ಸಂಜೆ ಅಂಗಡಿಯನ್ನು ಬೇಗ ಮುಚ್ಚಿ, ಕಾಗದವನ್ನು ಜೇಬಿನಲ್ಲಿಟ್ಟುಕೊಂಡು, ಕೂಟದ ಹಿರಿಯ ಮಾಸ್ತರರ ಮನೆಗೆ ಹೋದರು. ಕೇಳಬೇಕಾದದ್ದನ್ನೆಲ್ಲ ಕೇಳಿದರು. ಎಷ್ಟು ಮಕ್ಕಳು? ಮೂವತ್ತೆಂಟು. ಎಷ್ಟು ಜನ ದೊಡ್ಡವರು? ನಾಲ್ವರು, ಅವರಲ್ಲಿ ಇಬ್ಬರು ಹೆಣ್ಣುಮಕ್ಕಳು. ಬಸ್ಸು ರಾತ್ರಿ ಓಡುತ್ತದೆಯೋ? ಇಲ್ಲ, ಶುಕ್ರವಾರ ಒಂದು ದಿನ ರಜೆ ಹಾಕಿಸಿ ನಸುಕಿನಲ್ಲಿ ಹೊರಟು ಹಗಲಲ್ಲೇ ತಲುಪುವುದು. ನೀರಿಗೆ ಇಳಿಸುತ್ತೀರೋ? ಪಾದ ತೊಯ್ಯುವಷ್ಟು, ಅದೂ ಹಗ್ಗದ ಈಚೆಗೆ, ಆ ಊರಿನ ಮೀನುಗಾರರೊಬ್ಬರು ಪಕ್ಕದಲ್ಲಿ ನಿಂತಿದ್ದಾಗ ಮಾತ್ರ.

"ನಿಮಗ ಅಂಜಿಕಿ ಇಲ್ಲೇನ್ರಿ ಸರ?" ಎಂದು ಕಡೆಗೆ ಕೇಳಿಯೇಬಿಟ್ಟರು.

"ಭಾಳ ಐತ್ರಿ" ಎಂದರು ಮಾಸ್ತರರು. "ಹುಡುಗರನ್ನ ನೀರಿನ ದಂಡಿಗೆ ಅಂಜಿಕಿ ಇದ್ದವರ ಕರಕೊಂಡು ಹೋಗಬೇಕ್ರಿ. ಅಂಜಿಕಿ ಇಲ್ಲದವರು ಹೋಗಬಾರದು."

ಆ ಮಾತಿಗೆ ಸಹಿ ಬಿತ್ತು.

ಜನವರಿ 17ರ ನಸುಕಿನಲ್ಲಿ ಬಸ್ಸು ಹೊರಟಾಗ ಬಾಗೇವಾಡಿಯಲ್ಲಿ ಮೈ ನಡುಗಿಸುವ ಥಂಡಿ. ಮಕ್ಕಳ ಗಂಟುಗಳಲ್ಲಿ ಕೌದಿಗಳಿದ್ದವು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಇದ್ದವು. ಡಿಸೆಂಬರ್ 30ರ ಎಳ್ಳಮವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಬನ್ನಿಯ ಗಿಡದ ಕೆಳಗೆ ಕುಳಿತು ಉಂಡು ಬಂದು ಇನ್ನೂ ಮೂರು ವಾರ ಆಗಿರಲಿಲ್ಲ. ಬಯಲಲ್ಲಿ ಉಣ್ಣುವುದು, ಹೊಲದಲ್ಲಿ ಮಲಗುವುದು ಈ ಸೀಮೆಯವರಿಗೆ ಹೊಸತೇ? ಸೀತನಿಯ ಕಾಲಕ್ಕೆ ಜೋಳದ ಹೊಲದಲ್ಲಿ ಬೆಂಕಿ ಹಾಕಿ ಕುಳಿತವರು, ಸುಗ್ಗಿಯ ಕಾಲಕ್ಕೆ ಕಣದಲ್ಲಿ ರಾಶಿ ಕಾಯುತ್ತ ಚುಕ್ಕೆ ಎಣಿಸಿದವರು ನಮ್ಮ ಹಿರಿಯರೆಲ್ಲ. ಅದಕ್ಕೆ ಶಿಬಿರ ಎಂಬ ಹೆಸರು ಇರಲಿಲ್ಲ, ಅಷ್ಟೇ.

ಕೊಲ್ಹಾರದ ಹತ್ತಿರ ಹಿನ್ನೀರಿನ ಮೇಲಿನ ಸುಮಾರು ಮೂರು ಕಿಲೋಮೀಟರ್ ಉದ್ದದ ಸೇತುವೆಯನ್ನು ಬಸ್ಸು ದಾಟುವಾಗ ಇನ್ನೂ ಬೆಳಕು ಹರಿದಿರಲಿಲ್ಲ. ತನ್ನಪ್ಪ ಹುಟ್ಟಿದ ಊರು ಈ ನೀರಿನ ಕೆಳಗೆ ಎಲ್ಲೋ ಇದೆ ಎಂದು ಹುಡುಗಿ ಪಕ್ಕದವಳಿಗೆ ತೋರಿಸಲು ಹೋದಳು. ತೋರಿಸಲು ಕತ್ತಲೆಯ ಹೊರತು ಏನೂ ಇರಲಿಲ್ಲ. ಆಮೇಲೆ ಕೆರೂರು, ನರಗುಂದ, ನವಲಗುಂದ, ಹುಬ್ಬಳ್ಳಿ. ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿಯುವಾಗ ಕಿಟಕಿಯಿಂದ ಬಿಸಿ ಗಾಳಿ ಬರತೊಡಗಿತು. ಕೌದಿಗಳೆಲ್ಲ ಗಂಟಿನೊಳಗೆ ಹೋದವು.

ಕಾಳಿ ನದಿಯ ಸೇತುವೆಯನ್ನು ದಾಟಿ, ಸದಾಶಿವಗಡದ ಆಚೆ, ಮಾಜಾಳಿ ಕಡೆಯ ಒಂದು ಗಾಳಿಮರದ ತೋಪಿನಲ್ಲಿ ಡೇರೆಗಳು ಎದ್ದವು. ಇದೇ ಕಾರವಾರದಲ್ಲಿ 1883ರಲ್ಲಿ ಇಪ್ಪತ್ತೆರಡರ ತರುಣ ರವೀಂದ್ರನಾಥ ಠಾಕೂರರು, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ಕೆಲವು ಕಾಲ ಇದ್ದರು. ಕಡಲು ಅವರಿಂದ ಒಂದು ನಾಟಕ ಬರೆಸಿತು. ನಮ್ಮ ಮೂವತ್ತೆಂಟು ಮಕ್ಕಳಿಂದ ಅದು ಮೊದಲು ಬರೆಸಿದ್ದು ಒಂದು ಪ್ರಶ್ನೆಯನ್ನು. "ಟೀಚರ್, ನಮ್ಮ ಕೃಷ್ಣಾ ಹೊಳಿ ಇಲ್ಲಿಗೆ ಬಂದು ಕೂಡತದೇನ್ರಿ?"

ಇಲ್ಲ. ಕೃಷ್ಣೆ ಹುಟ್ಟುವ ಮಹಾಬಳೇಶ್ವರದಿಂದ ಈ ಪಡುವಣ ಕಡಲು ಬರಿಯ 64 ಕಿಲೋಮೀಟರ್. ಆದರೂ ಅದು ಹತ್ತಿರದ ಕಡಲಿಗೆ ಬೆನ್ನು ಮಾಡಿ, ಮಹಾರಾಷ್ಟ್ರ, ಕರ್ನಾಟಕ, ತೆಲಂಗಾಣ, ಆಂಧ್ರಗಳನ್ನು ದಾಟಿ, 1,400 ಕಿಲೋಮೀಟರ್ ಹರಿದು ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಹತ್ತಿರದ ದಾರಿಯನ್ನು ಬಿಟ್ಟು ದೂರದ ದಾರಿ ಹಿಡಿದದ್ದರಿಂದಲೇ ಬಾಗೇವಾಡಿಯ ಸೀಮೆಗೆ ಆ ನೀರು ಸಿಕ್ಕಿದ್ದು.

ಸಂಜೆಯ ಹೊತ್ತಿಗೆ ಇನ್ನೊಂದು ಪಾಠವಾಯಿತು. ಬಾಗೇವಾಡಿಯಲ್ಲಿ ತಿಂಗಳುಗಟ್ಟಲೆ ಕಟಕಟ ಎನ್ನುವ ಖಡಕ್ ರೊಟ್ಟಿ ಕಡಲ ಗಾಳಿಗೆ ಮೆತ್ತಗಾಗಿ ಚಪಾತಿಯಂತೆ ಮಡಚತೊಡಗಿತು. ಗಾಳಿಯಲ್ಲಿ ಎಷ್ಟು ತೇವವಿದೆ ಎಂದು ಮಕ್ಕಳಿಗೆ ಬೇರೆ ಯಾವ ಉಪಕರಣವೂ ತೋರಿಸಬೇಕಾಗಲಿಲ್ಲ. ನೀರು ಬಂದು ಮುಟ್ಟಿದ ಗೆರೆಯಲ್ಲಿ ಒಂದು ಕೋಲು ನೆಟ್ಟು ವೇಳೆ ಬರೆದಿಟ್ಟರು. ಭರತದಿಂದ ಭರತಕ್ಕೆ ಸುಮಾರು ಹನ್ನೆರಡೂವರೆ ಗಂಟೆ. ಹಾಗಾಗಿ ದಿನದಿಂದ ದಿನಕ್ಕೆ ಅದು 50 ನಿಮಿಷದಷ್ಟು ತಡವಾಗುತ್ತ ಹೋಗುತ್ತದೆ. ಚಂದ್ರನೂ ಅಷ್ಟೇ ತಡವಾಗಿ ಹುಟ್ಟುತ್ತಾನೆ ಎಂದು ಹೇಳಿದಾಗ ಹಿಂದಿನ ಸಾಲಿನ ಹುಡುಗನೊಬ್ಬ, ಇಬ್ಬರೂ ಒಂದೇ ಬಸ್ಸಿಗೆ ಬರುವವರು ಎಂದು ನಗಿಸಿದ. ಆ ಸಂಜೆ ಪಡುವಣದಲ್ಲಿ ಶುಕ್ರ ಮತ್ತು ಶನಿ ಒಂದರ ಪಕ್ಕ ಒಂದು ಇದ್ದವು, ಮೂಡಣದಲ್ಲಿ ಮಂಗಳ ಕೆಂಪಗೆ ಎದ್ದಿತ್ತು, ಮೇಲೆ ಗುರು ಹೊಳೆಯುತ್ತಿತ್ತು.

ಮರುದಿನ ಬೆಳಿಗ್ಗೆ, ಯಾರೂ ನೀರನ್ನು ಮುಟ್ಟುವ ಮೊದಲು, ಮೀನುಗಾರರು ಮಕ್ಕಳನ್ನು ದಂಡೆಯ ಮೇಲೆ ಕೂರಿಸಿದರು. ತೆರೆಗಳು ಬಿಳಿ ನೊರೆಯೊಡೆದು ಬೀಳುತ್ತಿದ್ದವು. ನಡುವೆ ಒಂದು ಕಡೆ ಮಾತ್ರ ನೊರೆಯಿಲ್ಲದೆ ನೀರು ಸಮಾಧಾನವಾಗಿ ಕಾಣುತ್ತಿತ್ತು. "ಇಳಿಯುವುದಾದರೆ ಎಲ್ಲಿ ಇಳಿಯುತ್ತೀರಿ?" ಎಂದು ಕೇಳಿದರು. ಮೂವತ್ತೆಂಟು ಕೈಗಳೂ ಸಮಾಧಾನದ ನೀರನ್ನು ತೋರಿಸಿದವು. ಅವರು ಒಂದು ತೆಂಗಿನ ಸಿಪ್ಪೆಯನ್ನು ಅಲ್ಲಿಗೆ ಎಸೆದರು. ಅದು ದಂಡೆಗೆ ಬರಲಿಲ್ಲ. ನೋಡ ನೋಡುತ್ತಿದ್ದಂತೆ ಕಡಲಿನ ಕಡೆಗೆ ಹೋಯಿತು.

ತೆರೆಗಳು ದಂಡೆಗೆ ತಂದು ಸುರಿದ ನೀರು ಹಿಂದಿರುಗಲು ಒಂದು ದಾರಿ ಬೇಕು. ಸಿಕ್ಕ ಓಣಿಯಲ್ಲಿ ಅದು ಹೊಳೆಯಂತೆ ಒಳಕ್ಕೆ ಓಡುತ್ತದೆ. ಅಲ್ಲಿ ತೆರೆ ಒಡೆಯದ ಕಾರಣ ನೀರು ಶಾಂತವಾಗಿ ಕಾಣುತ್ತದೆ. ಸಿಕ್ಕಿಬಿದ್ದವರು ದಂಡೆಯತ್ತ ನೇರವಾಗಿ ಈಜಲು ಹೋಗಿ ದಣಿದು ಮುಳುಗುತ್ತಾರೆ. ಸೆಳೆತದ ವಿರುದ್ಧ ಹೋರಾಡಬಾರದು, ತೇಲಿಕೊಂಡು ಕೈಯೆತ್ತಿ ಕೂಗಬೇಕು, ಈಜು ಬಲ್ಲವರಾದರೆ ದಂಡೆಗೆ ಸಮಾನಾಂತರವಾಗಿ ಅಡ್ಡಕ್ಕೆ ಸರಿದು ಆ ಓಣಿಯಿಂದ ಹೊರಬರಬೇಕು. ಬಾವಿಯಲ್ಲಿ ಈಜಿದವನಿಗೆ ನೀರು ನಿಂತಿರುತ್ತದೆ, ಹೊಳೆಯಲ್ಲಿ ಈಜಿದವನಿಗೆ ನೀರು ಒಂದೇ ಕಡೆ ಹೋಗುತ್ತದೆ. ಕಡಲಿನ ನೀರು ಈ ಎರಡೂ ಅಲ್ಲ. ಬಯಲುಸೀಮೆಯ ಒಳ್ಳೆಯ ಈಜುಗಾರನೂ ಅದರ ಮುಂದೆ ಒಂದನೇ ತರಗತಿಯ ಹುಡುಗನೇ.

ಆಮೇಲೆ ಎರಡು ಗೂಟಗಳ ನಡುವೆ ಹಗ್ಗ ಕಟ್ಟಿ, ಮಕ್ಕಳನ್ನು ಇಬ್ಬಿಬ್ಬರ ಜೋಡಿ ಮಾಡಿ ಬಿಟ್ಟರು. ಹತ್ತು ನಿಮಿಷಕ್ಕೊಮ್ಮೆ ಸೀಟಿ. ಸೀಟಿ ಕೇಳಿದೊಡನೆ ಜೋಡಿಯವರು ಕೈ ಕೈ ಹಿಡಿದು ಮೇಲೆತ್ತಿ ನಿಲ್ಲಬೇಕು. ಹತ್ತೊಂಬತ್ತು ಜೋಡಿ, ಹತ್ತೊಂಬತ್ತು ಎಣಿಕೆ.

ಮೂರನೆಯ ಸೀಟಿಗೆ ಹದಿನೆಂಟು ಬಂತು.

ಬಾಗೇವಾಡಿಯ ಅಂಗಡಿಯವರ ಮಗಳು ಒಬ್ಬಳೇ ನಿಂತಿದ್ದಳು. ಮರಳಿನಲ್ಲಿ ಓಡಿ ಬಿಲ ಸೇರುವ ಏಡಿಯೊಂದನ್ನು ಬಗ್ಗಿ ನೋಡುತ್ತಿದ್ದವಳಿಗೆ ಜೋಡಿಯವಳು ಯಾವಾಗ ಪಕ್ಕದಿಂದ ಹೋದಳೆಂದು ಗೊತ್ತಾಗಿರಲಿಲ್ಲ. ಬಂದಾಳು ಎಂದು ಒಂದು ಕ್ಷಣ ಸುಮ್ಮನಿರಬಹುದಿತ್ತು. ತಾನು ನೋಡಿಕೊಂಡಿಲ್ಲವೆಂಬುದು ಬಯಲಾಗದಿರಲಿ ಎಂದೂ ಮನಸ್ಸು ಹೇಳಿತು. ಆದರೆ ಅವಳು ಕೂಗಿದಳು: "ಟೀಚರ್, ನನ್ನ ಜೋಡಿ ಇಲ್ರೀ!"

ಎಲ್ಲ ಮಕ್ಕಳನ್ನೂ ಮೇಲೆ ತಂದು ಕೂರಿಸಿದರು. ಮೀನುಗಾರರು ಆಗಲೇ ಸೊಂಟದ ಮಟ್ಟದ ನೀರಿನಲ್ಲಿದ್ದರು. ಇಬ್ಬರು ಶಿಕ್ಷಕರು ದಂಡೆಯ ಎರಡು ದಿಕ್ಕಿಗೆ ಓಡಿದರು. ಹಿರಿಯ ಮಾಸ್ತರರು ಕದಲದೆ ನಿಂತು ನೀರನ್ನೇ ನೋಡುತ್ತಿದ್ದರು. ಅವರ ಮುಖ ಬೆಳಗಾದ ಮೇಲೆ ಉಳಿದ ಬೂದಿಯ ಹಾಗಿತ್ತು. ನಿನ್ನೆಯಿಂದ ಎಷ್ಟು ನೋಡಿದರೂ ಸಾಲದಾಗಿದ್ದ ಅದೇ ಕಡಲು ಈಗ ಹುಡುಗಿಗೆ ಬೇರೆಯಾಗಿ ಕಂಡಿತು. ಒಂದು ವಾರ ಕಾಗದವನ್ನು ಮಡಚಿ ಮಡಚಿ ಇಟ್ಟ ಅಪ್ಪನಿಗೆ ಕಾಣುತ್ತಿದ್ದದ್ದು ಈ ಕಡಲು ಎಂದು ಅವಳಿಗೆ ಆಗ ತಿಳಿಯಿತು.

ನಾಲ್ಕು ನಿಮಿಷ. ಹುಡುಗಿ ಸಿಕ್ಕಿದಳು. ಒಂದು ಫರ್ಲಾಂಗು ದೂರದಲ್ಲಿ, ದೋಣಿಯ ಮರೆಯಲ್ಲಿ, ಊರಿನವರು ಬಲೆ ಎಳೆಯುತ್ತಿದ್ದರು. ಕಡಲಿನಲ್ಲಿ ಅರ್ಧ ಚಂದ್ರಾಕಾರಕ್ಕೆ ಬಲೆ ಬಿಟ್ಟು ಎರಡೂ ತುದಿಗಳನ್ನು ದಂಡೆಯಿಂದಲೇ ಸಾಲಾಗಿ ನಿಂತು ಎಳೆಯುವ ಪದ್ಧತಿ ಅದು. ಅದರ ದೊಡ್ಡ ರೂಪವೇ ಈ ಕರಾವಳಿಯ ಹೆಸರಾಂತ ರಂಪಣಿ. 1970ರ ದಶಕದ ಕೊನೆಗೆ ಯಂತ್ರದ ದೋಣಿಗಳ ಪರ್ಸೀನ್ ಬಲೆ ಬಂದ ಮೇಲೆ ಅದು ಅಪರೂಪವಾಯಿತು. ನಮ್ಮ ಹುಡುಗಿ ಸಾಲಿನ ಕೊನೆಯಲ್ಲಿ ಹಗ್ಗ ಹಿಡಿದು, ಅವರಂತೆಯೇ ಹಿಮ್ಮಡಿಯೂರಿ, ಮೈಮರೆತು ಎಳೆಯುತ್ತಿದ್ದಳು. ಸೀಟಿ ಆ ಗದ್ದಲದಲ್ಲಿ ಅವಳಿಗೆ ಕೇಳಿಸಿರಲೇ ಇಲ್ಲ.

ಯಾರೂ ಯಾರನ್ನೂ ಹೊಡೆಯಲಿಲ್ಲ, ಬೈಯಲಿಲ್ಲ. ಮಧ್ಯಾಹ್ನ ನೀರಿಗೆ ಇಳಿಯುವ ಕಾರ್ಯಕ್ರಮ ಮಾತ್ರ ರದ್ದಾಯಿತು, ಮೂವತ್ತೆಂಟು ಮಂದಿಗೂ. ಕೆಲವರು ಮುಖ ಊದಿಸಿಕೊಂಡರು.

ರಾತ್ರಿ ಬೆಂಕಿಯ ಸುತ್ತ ಕುಳಿತಾಗ ಮಾಸ್ತರರು ಒಂದು ಹಳೆಯ ಕತೆ ಹೇಳಿದರು. 1907ರ ಆಗಸ್ಟ್ ತಿಂಗಳಲ್ಲಿ ಬೇಡನ್ ಪೊವೆಲ್ ಎಂಬ ಇಂಗ್ಲಿಷ್ ಸೇನಾಧಿಕಾರಿ, ಆ ದೇಶದ ದಕ್ಷಿಣ ಕರಾವಳಿಯ ಬ್ರೌನ್‌ಸೀ ಎಂಬ ಪುಟ್ಟ ದ್ವೀಪದಲ್ಲಿ ಇಪ್ಪತ್ತರಷ್ಟು ಹುಡುಗರ ಶಿಬಿರ ನಡೆಸಿದ. ಸಿರಿವಂತರ ಶಾಲೆಯ ಹುಡುಗರು, ಕೂಲಿಕಾರರ ಮನೆಯ ಹುಡುಗರು, ಎಲ್ಲರೂ ಒಂದೇ ಡೇರೆಗಳಲ್ಲಿ. ಅವರನ್ನು ಸಣ್ಣ ಸಣ್ಣ ತಂಡ ಮಾಡಿ, ತಂಡದ ಹೊಣೆಯನ್ನು ಅವರಲ್ಲೇ ಒಬ್ಬನ ಮಾತಿನ ಮೇಲೆ ಬಿಟ್ಟ. ಲೋಕವೆಲ್ಲ ಹರಡಿದ ಸ್ಕೌಟ್ ಚಳವಳಿ ಹುಟ್ಟಿದ್ದು ಆ ಕಡಲ ನಡುವಿನ ಶಿಬಿರದಿಂದ. "ಸೀಟಿ ನನ್ನ ಕೈಯಾಗ ಐತಿ. ಆದರ ಎಣಿಕಿ ನಿಮ್ಮ ಕೈಯಾಗ ಐತಿ" ಎಂದರು ಮಾಸ್ತರರು. "ಮುಂಜಾನೆ ಆದದ್ದನ್ನ ಮನಿಗೆ ಹೋಗಿ ನೀವ ಹೇಳ್ರಿ. ಸೋಮವಾರ ನಾ ಫೋನ್ ಮಾಡಿ ಹೇಳ್ತೀನಿ. ನನಗಿಂತ ಮೊದಲ ನೀವು ಹೇಳಿದ್ರ ಚಲೋ."

ಈ ಮಾತು ಶಿಬಿರದಲ್ಲಿ ಕೊಟ್ಟ ಅತ್ಯಂತ ಕಷ್ಟದ ಕೆಲಸವಾಗಿತ್ತು. ಡೇರೆ ಕಟ್ಟುವುದಕ್ಕಿಂತ, ಹಸಿ ಕಟ್ಟಿಗೆಯಲ್ಲಿ ಒಲೆ ಹೊತ್ತಿಸುವುದಕ್ಕಿಂತ ಕಷ್ಟ. ಹೇಳಿದರೆ ಅಪ್ಪ ಮತ್ತೆ ಕಳುಹಿಸಲಿಕ್ಕಿಲ್ಲ. ಹೇಳದಿದ್ದರೆ ಒಂದು ದಿನವಾದರೂ ನೆಮ್ಮದಿ. ವಾಪಸು ಬರುವ ದಾರಿಯುದ್ದಕ್ಕೂ ಹುಡುಗಿ ಹಾಡಲಿಲ್ಲ. ಕೊಲ್ಹಾರದ ಸೇತುವೆಯ ಮೇಲೆ ಮತ್ತೆ ಕತ್ತಲು.

ಭಾನುವಾರ ರಾತ್ರಿ ಊಟಕ್ಕೆ ಕುಳಿತಾಗ ಹೇಳಿದಳು. ಏಡಿಯನ್ನು ನೋಡುತ್ತಿದ್ದದ್ದರಿಂದ ಹಿಡಿದು ಮಾಸ್ತರರ ಮುಖದವರೆಗೆ ಒಂದನ್ನೂ ಬಿಡಲಿಲ್ಲ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಅಪ್ಪ ತಾಟಿನಲ್ಲಿ ಕೈಯಿಟ್ಟುಕೊಂಡು ಬಹಳ ಹೊತ್ತು ಸುಮ್ಮನೆ ಕುಳಿತರು.

ಆಮೇಲೆ ಅವರು ಹೇಳಿದ್ದು ಶಿಬಿರದ ಮಾತಲ್ಲ. ಹಿನ್ನೀರು ಏರುತ್ತಿದ್ದ ವರ್ಷ, ಮನೆಯ ಸಾಮಾನನ್ನೆಲ್ಲ ಹೊಸ ಜಾಗಕ್ಕೆ ಸಾಗಿಸಿಯಾದ ಮೇಲೆ, ಎತ್ತಿನ ಗೆಜ್ಜೆಸರ ದನದ ಕೊಟ್ಟಿಗೆಯಲ್ಲೇ ಉಳಿದದ್ದು ನೆನಪಾಗಿ ಹದಿನೈದರ ಹುಡುಗ ಯಾರಿಗೂ ಹೇಳದೆ ಹಿಂದಿರುಗಿದ್ದ. ಓಣಿಯಲ್ಲಿ ಎದೆಮಟ್ಟದ ನೀರು. ಬರುವಾಗ ಕಾಲು ಹುದಲಿನಲ್ಲಿ ಹೂತು, ನೀರು ಬಾಯಿಗೆ ಬಂದಿತ್ತು. ಬಾವಿಯ ಈಜು ಅಲ್ಲಿ ಯಾವ ಕೆಲಸಕ್ಕೂ ಬರಲಿಲ್ಲ. ಹೇಗೋ ಬೇವಿನ ಗಿಡದ ಟೊಂಗೆ ಸಿಕ್ಕಿ ಬದುಕಿದ. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಹೊರಗೆ ಬಿಡುವುದಿಲ್ಲವೆಂದು ಅಂದು ಹೇಳಲಿಲ್ಲ. ಆಮೇಲೆ ಹೇಳುವ ಹೊತ್ತು ಮೀರಿಹೋಯಿತು.

ಮೂಲೆಯಲ್ಲಿ ಕೌದಿ ಹೊದ್ದು ಮಲಗಿದ್ದ ಆಯಿ ಮಗ್ಗುಲಾದರು. ನಿದ್ದೆ ಬಂದಿದೆ ಎಂದೇ ಎಲ್ಲರೂ ತಿಳಿದಿದ್ದರು.

"ಗೆಜ್ಜಿಸರ ತಂದು ಮಾಳಿಗಿ ಮ್ಯಾಲ ಇಟ್ಟಿದ್ದಿ" ಎಂದರು. "ನಿನ್ನ ಅಂಗಿ ಹಸಿ ಇತ್ತು. ಕುತ್ತಿಗಿ ತನಕ ಹುದಲ ಹತ್ತಿತ್ತು. ನೀನ ಹೇಳ್ತಿ ಅಂತ ಕಾದ್ನಿ. ಇಪ್ಪತ್ತೈದು ವರ್ಷ ಕಾದ್ನೆಪ್ಪ."

ಅಂದು ರಾತ್ರಿ ಆ ಮನೆಯಲ್ಲಿ ಮತ್ತೆ ಬೇರೆ ಮಾತು ಆಗಲಿಲ್ಲ. ತಾಯಂದಿರಿಗೆ ಮಕ್ಕಳ ಹಸಿ ಅಂಗಿ ಕಾಣದೆ ಇರುವುದಿಲ್ಲ. ಅವರಿಗೆ ಬೇಕಾದದ್ದು ಸುದ್ದಿಯಲ್ಲ, ಮಕ್ಕಳು ತಾವಾಗಿ ಹೇಳುವ ಮಾತು. ಹಗ್ಗ, ಸೀಟಿ, ಜೋಡಿ, ದಂಡೆಯ ಮೇಲೆ ನಿಂತ ಮೀನುಗಾರರು, ಇವೆಲ್ಲ ಇಲ್ಲದೆ ಮಕ್ಕಳನ್ನು ನೀರಿನ ಬಳಿ ಒಯ್ಯುವುದು ಅಪರಾಧ. ಪಾಲಕರು ಅಂಗಡಿ ಮುಚ್ಚಿಯಾದರೂ ಹೋಗಿ ಕೇಳಬೇಕು. ಆದರೆ ಎಲ್ಲವನ್ನೂ ಕೇಳಿಯಾದ ಮೇಲೂ ಕೊನೆಗೆ ನಂಬಬೇಕಾದದ್ದು, ಜೋಡಿ ಕಾಣದಾದಾಗ ತನ್ನ ತಪ್ಪು ಬಯಲಾದರೂ ಸರಿ ಎಂದು ಕೂಗುವ ಒಂದು ಮಗುವನ್ನು. ಅಂಥ ಮಗು ಹೆದರಿಕೆಯ ಮನೆಯಲ್ಲಿ ಬೆಳೆಯುವುದು ಕಷ್ಟ.

ಸೋಮವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವ ಹೊತ್ತಿಗೆ ಮಾಸ್ತರರ ಫೋನ್ ಬಂತು. ಅವರ ದನಿಯಲ್ಲಿ ಅಳುಕಿತ್ತು. "ನಿಮಗ ಒಂದು ಮಾತು ಹೇಳಬೇಕಾಗೈತ್ರಿ" ಎಂದರು.

"ಹೇಳ್ಯಾಳ್ರಿ ಸರ. ಎಲ್ಲಾ ಹೇಳ್ಯಾಳ" ಎಂದರು ಅಂಗಡಿಯವರು. ಸ್ವಲ್ಪ ಹೊತ್ತು ಎರಡೂ ಕಡೆ ಮೌನ. ಆಮೇಲೆ ಅವರೇ ಕೇಳಿದರು:

"ಮುಂದಿನ ಶಿಬಿರ ಎಲ್ಲಿ ಇಟಗೊಂಡೀರಿ?"